ಇಂಜಿನ್ ಐತಿ, ಫೈರ್‌ಮನ್ ಎಲ್ಲಿ?

ಮ್ಯೂಸಿಯಂ ಅನ್ನೋದಕ್ಕೆ ಕನ್ನಡದಲ್ಲಿ ನಾವು ಮಾಡಿಕೊಂಡ ಹೆಸರು ವಸ್ತುಸಂಗ್ರಹಾಲಯ. ವಸ್ತುಗಳನ್ನು ಕೂಡಿಹಾಕಿದ ಮನೆ. ಹೆಸರಿನಲ್ಲೇ ಒಂದು ತೊಡಕಿದೆ ನೋಡ್ರಿ. ವಸ್ತು ಕೂಡಿಸಿದರೆ ಕೆಲಸ ಮುಗೀತು ಅಂತ ಅದು ನಮಗೆ ನಂಬಿಸಿಬಿಡುತ್ತದೆ. ಹಳೇ ಕತ್ತಿ, ಹಳೇ ನಾಣ್ಯ, ಹಳೇ ಮೂರ್ತಿಗಳ ವಿಷಯದಲ್ಲಿ ಇದು ಹೇಗೋ ನಡೆದುಹೋಗಬಹುದು. ರೈಲಿನ ವಿಷಯದಲ್ಲಿ ನಡೆಯೋದಿಲ್ಲ. ಯಾಕಂದ್ರ ನಿಂತ ಇಂಜಿನ್ನು ಇಂಜಿನ್ನೇ ಅಲ್ಲ, ಬರೀ ಕಬ್ಬಿಣ. ಅದಕ್ಕೆ ಬೆಂಕಿ ಬೇಕು, ನೀರು ಬೇಕು, ಹಳಿ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ಓಡಿಸುವ ಮಂದಿ ಬೇಕು. ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂ ನೋಡಿ ಬಂದ ಮೇಲೆ ನನ್ನ ತಲೆಯಲ್ಲಿ ಉಳಿದ ತಕರಾರು ಇಷ್ಟೇ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚೋಣ. 2020ರಲ್ಲಿ, ಕೊರೊನಾ ಕಾಲದಲ್ಲೇ ಶುರುವಾದ ಮ್ಯೂಸಿಯಂ ಇದು. ಉತ್ತರ ಕರ್ನಾಟಕದ ಮೊದಲ ರೈಲ್ವೆ ಮ್ಯೂಸಿಯಂ. ನೈರುತ್ಯ ರೈಲ್ವೆಗೆ ಮೈಸೂರಿನದು ಮೊದಲನೆಯದು, ಇದು ಎರಡನೆಯದು. ಗದಗ ರೋಡಿನ ಕಡೆ, ರೈಲ್ವೆ ಬಡಾವಣೆಯ ನಡುವೆ, ಬ್ರಿಟಿಷರ ಕಾಲದ ಎರಡು ಮನೆಗಳನ್ನು ಕೆಡವದೆ ರಿಪೇರಿ ಮಾಡಿಸಿ, ಮಲಪ್ರಭಾ, ಘಟಪ್ರಭಾ ಅಂತ ನಮ್ಮ ನದಿಗಳ ಹೆಸರಿಟ್ಟು, ಒಳಗೆ ಹಳೇ ಸಾಮಾನು ಜೋಡಿಸಿದ್ದಾರೆ. ಹಳೇ ಕಟ್ಟಡ ಕಂಡರೆ ಮೊದಲು ಜೆಸಿಬಿ ಕರೆಸುವ ಈ ಅವಳಿ ನಗರದಲ್ಲಿ ಇದು ಸಣ್ಣ ಮಾತಲ್ಲ. ಹೊರಗೆ ನ್ಯಾರೋ ಗೇಜಿನ ಪುಟ್ಟ ಇಂಜಿನ್ನು, ಹುಡುಗರಿಗೆ ಆಟದ ರೈಲು, ಬೋಗಿಯೊಳಗೇ ಸಿನಿಮಾ ತೋರಿಸುವ ವ್ಯವಸ್ಥೆ, ಇನ್ನೊಂದು ಬೋಗಿಯಲ್ಲಿ ಚಹಾ-ತಿಂಡಿ. ರವಿವಾರ ಸಂಜೆ ಮಕ್ಕಳನ್ನು ಕರಕೊಂಡು ಹೋಗಲಿಕ್ಕೆ ಊರಲ್ಲಿ ಇರುವ ಜಾಗಗಳೇ ಕಡಿಮೆ. ಆ ಲೆಕ್ಕದಲ್ಲಿ ಇದು ಗೆದ್ದ ಮ್ಯೂಸಿಯಂ.

ಆದರೆ ಮಕ್ಕಳು ಗೆದ್ದಲ್ಲಿಗೆ ಊರು ಗೆದ್ದಂತೆ ಆಗೋದಿಲ್ಲ. ಹುಬ್ಬಳ್ಳಿಗೆ ರೈಲು ಬಂದದ್ದಲ್ಲ, ರೈಲಿನಿಂದ ಹುಬ್ಬಳ್ಳಿ ಹುಬ್ಬಳ್ಳಿಯಾಯಿತು. ಅಂಥ ಊರಿನ ಮ್ಯೂಸಿಯಂ ತನ್ನನ್ನು ಒಂದು ಪಾರ್ಕು ಅಂತ ಅಂದುಕೊಂಡರೆ ಅದು ಊರಿಗೆ ಮಾಡಿದ ಅನ್ಯಾಯ.

ಆ ಪುಟ್ಟ ಇಂಜಿನ್ನಿನಿಂದಲೇ ಶುರು ಮಾಡೋಣ. ಬಂದವರೆಲ್ಲ ಫೋಟೋ ತೆಗೆಸಿಕೊಳ್ಳೋದು ಅದರ ಮುಂದೆ. ನೋಡಲಿಕ್ಕೆ ಚಂದ, ಗಾತ್ರ ಕೂಡ ಹುಡುಗರು ಅಪ್ಪಿಕೊಳ್ಳುವಂಥದ್ದು. ನ್ಯಾರೋ ಗೇಜ್ ಅಂದರೆ ಎರಡು ಹಳಿಗಳ ನಡುವೆ ಎರಡು ಅಡಿ ಅಥವಾ ಎರಡೂವರೆ ಅಡಿ ಅಂತರ. ಆದರೆ ಹುಬ್ಬಳ್ಳಿಯದು ನ್ಯಾರೋ ಗೇಜಿನ ಊರೇ ಅಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಇದು ಮೀಟರ್ ಗೇಜಿನ ಊರು. ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್. ಆ ಒಂದು ಮೀಟರ್ ನಮ್ಮ ಬದುಕನ್ನು ಹೇಗೆ ಅಳೆದು ಇಟ್ಟಿತ್ತು ಅನ್ನೋದು ಇಂದಿನ ಹುಡುಗರಿಗೆ ಗೊತ್ತೇ ಇಲ್ಲ. ಗೊತ್ತು ಮಾಡಿಕೊಡಬೇಕಾದ ಜಾಗ ಮ್ಯೂಸಿಯಂ ಅಲ್ಲದೆ ಇನ್ಯಾವುದು?

ಕತೆ ಹೀಗಿದೆ. ದೇಶದ ದೊಡ್ಡ ಲೈನುಗಳೆಲ್ಲ ಮೊದಲು ಐದೂವರೆ ಅಡಿಯ ಬ್ರಾಡ್‌ಗೇಜಿನಲ್ಲಿ ಬಂದವು. ಖರ್ಚು ಭಾಳ ಆಯಿತು ಅಂತ ಲಾರ್ಡ್ ಮೇಯೋ ವೈಸರಾಯ್ ಆಗಿದ್ದಾಗ, 1870ರ ಸುಮಾರಿಗೆ, ಇನ್ನು ಮುಂದಿನ ಲೈನುಗಳಿಗೆ ಮೀಟರ್ ಗೇಜ್ ಸಾಕು ಅಂತ ತೀರ್ಮಾನವಾಯಿತು. ಅದಾದ ಕೆಲವೇ ವರ್ಷಕ್ಕೆ ನಮ್ಮ ಕಡೆ ಧಾತು-ಈಶ್ವರ ಸಂವತ್ಸರಗಳ ಬರ ಬಿತ್ತು. 1876ರಿಂದ 1878ರವರೆಗೆ ಧಾರವಾಡ, ಬಿಜಾಪುರ, ಬಳ್ಳಾರಿ ಸೀಮೆಯಲ್ಲಿ ಮಂದಿ ಊರೂರೇ ಖಾಲಿ ಮಾಡಿದ ಬರ ಅದು. ಕಾಳು ದೇಶದ ಇನ್ನೊಂದು ಕಡೆ ಇದ್ದರೂ ಇಲ್ಲಿಗೆ ತರಲಿಕ್ಕೆ ದಾರಿ ಇರಲಿಲ್ಲ. ಎತ್ತುಗಳಿಗೇ ಮೇವಿಲ್ಲ, ಗಾಡಿ ಎಳೆಯೋದು ಎಲ್ಲಿಂದ ಬಂತು? ಬರದ ನಂತರ ಕೂತ ಕ್ಷಾಮ ಆಯೋಗ, ಬರಪೀಡಿತ ಸೀಮೆಗಳಿಗೆ ರೈಲು ಹಾಕಬೇಕು ಅಂತ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದರ ಹಿಂದೆ ಇರುವುದು ಆ ಹಸಿವು.

ಹಸಿವು ಒಂದೇ ಅಲ್ಲ, ಹತ್ತಿ ಕೂಡ ಇತ್ತು. ಧಾರವಾಡ ಸೀಮೆಯ ಹತ್ತಿಗೆ ಮ್ಯಾಂಚೆಸ್ಟರಿನ ಗಿರಣಿಗಳವರೆಗೆ ಹೆಸರು. ರೈಲು ಬರುವ ಮುಂಚೆ ಅದು ಚಕ್ಕಡಿಗಳ ಮೇಲೆ ಘಟ್ಟ ಇಳಿದು ಕುಮಟಾ, ಕಾರವಾರ ಬಂದರುಗಳಿಗೆ ಹೋಗುತ್ತಿತ್ತು. ರೈಲು ಬಂದ ಮೇಲೆ ದಾರಿ ತಿರುಗಿತು. ಬ್ರಿಟಿಷರು ಪೋರ್ಚುಗೀಸರ ಜೊತೆ 1878ರಲ್ಲಿ ಒಪ್ಪಂದ ಮಾಡಿಕೊಂಡರು. ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಪಕ್ಕದಿಂದ ಇಳಿದು ಮುರಗಾಂವ್ ಬಂದರಿಗೆ ಲೈನು ಬಿತ್ತು. 1880ರ ದಶಕ ಮುಗಿಯುವುದರೊಳಗೆ ನಮ್ಮ ಹತ್ತಿ ಗೋವಾದ ಕಡೆ ಹೊರಳಿತು. ಕುಮಟಾ, ಕಾರವಾರಗಳ ಬಂದರು ಸೊರಗಿದವು. ಹುಬ್ಬಳ್ಳಿ-ಅಂಕೋಲಾ ಲೈನು ಇವತ್ತಿಗೂ ಕಾಡು, ಕೋರ್ಟು, ಕಾಗದ ಅಂತ ಸುತ್ತುತ್ತಲೇ ಇದೆ. ಒಂದು ಊರು ಬೆಳೆಯೋದು, ಇನ್ನೊಂದು ಊರು ಒಣಗೋದು, ಎರಡೂ ಹಳಿ ಎಲ್ಲಿ ಹೋಗುತ್ತದೆ ಅನ್ನೋದರ ಮೇಲೆ ನಿಂತಿತ್ತು. ಇದನ್ನು ಹೇಳಲಿಕ್ಕೆ ಮ್ಯೂಸಿಯಂಗೆ ಕೋಟಿಗಟ್ಟಲೆ ಬೇಕಾಗಿಲ್ಲ. ನೆಲದ ಮೇಲೆ ಒಂದು ದೊಡ್ಡ ನಕಾಶೆ ಬಿಡಿಸಿದರೆ ಸಾಕು. ಹುಡುಗರು ಹುಬ್ಬಳ್ಳಿಯ ಮೇಲೆ ನಿಂತು ಗದಗಿಗೆ, ಲೋಂಡಾಕ್ಕೆ, ಮೀರಜಿಗೆ, ಗುಂತಕಲ್ಲಿಗೆ ನಡೆದು ನೋಡಲಿ.

ಮೀರಜ್ ಅಂದ ಕೂಡಲೇ ನಮ್ಮ ಹಿರಿಯರಿಗೆ ನೆನಪಾಗೋದು ಗಾಡಿ ಬದಲಿ. ಒಂದು ಕಾಲಕ್ಕೆ ಮೀಟರ್ ಗೇಜು, ಬ್ರಾಡ್‌ಗೇಜು, ಬಾರ್ಸಿ ಲೈನಿನ ನ್ಯಾರೋ ಗೇಜು, ಮೂರೂ ಕೂಡುತ್ತಿದ್ದ ಸ್ಟೇಷನ್ನು ಅದು. ಹುಬ್ಬಳ್ಳಿಯಿಂದ ಮುಂಬಯಿಗೆ ಹೊರಟವರು ಅಲ್ಲಿ ಇಳಿದು, ಟ್ರಂಕು, ಹಾಸಿಗೆ ಸುರುಳಿ, ಬುತ್ತಿಗಂಟು, ಕೂಸು ಎಲ್ಲ ಹೊತ್ತು ಇನ್ನೊಂದು ಗಾಡಿಗೆ ಓಡಬೇಕಿತ್ತು. ಮಂದಿಯಾದರೂ ಕಾಲಿದ್ದವರು, ಓಡಿದರು. ಸರಕಿಗೆ ಕಾಲಿಲ್ಲವಲ್ಲ. ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ತುಂಬುವ ಹಮಾಲರ ಬೆನ್ನ ಮೇಲೆ ಈ ಗೇಜುಗಳ ವ್ಯತ್ಯಾಸ ಎಷ್ಟು ದಶಕ ನಿಂತಿತ್ತೋ! 1992ರಲ್ಲಿ ಯೂನಿಗೇಜ್ ಯೋಜನೆ ಬಂದು, ಆ ದಶಕದಲ್ಲಿ ನಮ್ಮ ಲೈನುಗಳು ಒಂದೊಂದಾಗಿ ಬ್ರಾಡ್‌ಗೇಜ್ ಆದವು. ಇಂದು ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ಸ್ಟೇಷನ್ನಿನಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, ಜಗತ್ತಿನಲ್ಲೇ ಅತಿ ಉದ್ದದ್ದು. 2023ರ ಮಾರ್ಚಿನಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದರು. ಆ 1507 ಮೀಟರಿನ ಬಗ್ಗೆ ಊರಿನ ಸಣ್ಣ ಹುಡುಗನೂ ಹೇಳುತ್ತಾನೆ. ಹಳಿಗಳ ನಡುವಿನ ಆ ಒಂದು ಮೀಟರಿನ ಬಗ್ಗೆ ಕೇಳಿದರೆ ದೊಡ್ಡವರಿಗೂ ಬಾಯಿ ಬರೋದಿಲ್ಲ.

ಈಗ ಇದನ್ನು ಮೈಸೂರಿನ ಜೊತೆ ಹೋಲಿಸಿ. ಅಲ್ಲಿನ ಮ್ಯೂಸಿಯಂ 1979ರದು. ದಿಲ್ಲಿಯದು ಶುರುವಾಗಿ ಎರಡೇ ವರ್ಷಕ್ಕೆ ಬಂದದ್ದು. ಅಲ್ಲಿಯ ದೊಡ್ಡ ಆಕರ್ಷಣೆ ಮಹಾರಾಣಿಯವರ ಸಲೂನ್ ಬೋಗಿ, 1899ರದು. ಅಡುಗೆಮನೆಯ ಬೋಗಿ ಕೂಡ ಜೊತೆಗಿದೆ. ರಾಜಮನೆತನ ಪ್ರಯಾಣ ಮಾಡುತ್ತಿದ್ದ ಠೀವಿ ನೋಡಿದರೆ ಆ ಊರಿನ ಕತೆ ಅರ್ಧ ತಿಳಿದಂತೆ. ಅದು ಅರಮನೆಯ ಊರು, ಅದರ ಮ್ಯೂಸಿಯಂನಲ್ಲಿ ಅರಮನೆಯ ರೈಲು ಇರೋದು ಸರಿಯಾಗೇ ಇದೆ. ಹುಬ್ಬಳ್ಳಿಗೆ ಸಲೂನ್ ಇಲ್ಲ, ಮಹಾರಾಣಿಯೂ ಇಲ್ಲ. ಇಲ್ಲಿ ಇರೋದು ವರ್ಕ್‌ಶಾಪು. 1885ರಲ್ಲಿ ಶುರುವಾಗಿ ಇವತ್ತಿಗೂ ಬೋಗಿಗಳ ರಿಪೇರಿ ಮಾಡುತ್ತಿರುವ ಕಾರ್ಖಾನೆ. ಭೋಂಗಾ ಕೂಗಿದರೆ ಊಟದ ಡಬ್ಬಿ ಹಿಡಿದು ಸೈಕಲ್ ಮೇಲೆ ಹೊರಡುತ್ತಿದ್ದ ಸಾವಿರಾರು ಮಂದಿ. ಫಿಟ್ಟರು, ಟರ್ನರು, ಮೋಲ್ಡರು, ಕಮ್ಮಾರ, ಬಡಿಗ, ಬಣ್ಣ ಹೊಡೆಯುವವ. ತೆಲುಗು, ತಮಿಳು, ಮರಾಠಿ, ಉರ್ದು, ಕೊಂಕಣಿ ಮಾತಾಡುವವರು ಗದಗ ರೋಡು, ಕೇಶ್ವಾಪುರದ ಕಡೆ ನೆಲೆಸಿದ್ದು ಈ ಕೆಲಸಕ್ಕಾಗಿಯೇ. ಆಂಗ್ಲೋ-ಇಂಡಿಯನ್ ಡ್ರೈವರು, ಗಾರ್ಡುಗಳ ಮನೆತನಗಳೂ ಇಲ್ಲಿದ್ದವು. ಹುಬ್ಬಳ್ಳಿಯ ಕನ್ನಡಕ್ಕೆ ಇಷ್ಟೊಂದು ಭಾಷೆಗಳ ಒಗ್ಗರಣೆ ಬಿದ್ದದ್ದು ಬಜಾರಿನಿಂದ ಎಷ್ಟೋ, ವರ್ಕ್‌ಶಾಪಿನಿಂದ ಅಷ್ಟೇ. ನಮ್ಮ ಮ್ಯೂಸಿಯಂನ ಮಹಾರಾಣಿ ಅಂದರೆ ಈ ವರ್ಕ್‌ಶಾಪೇ ಆಗಬೇಕಿತ್ತು.

ರೈಲ್ವೆ ಮ್ಯೂಸಿಯಂಗಳಿಗೆ ಎಲ್ಲ ಕಡೆ ಒಂದು ರೂಢಿ ಇದೆ. ಇಂಜಿನ್ನಿನ ಮುಂದೆ ಹಲಗೆ ಹಾಕಿ ಯಾವ ಕಂಪನಿ ಕಟ್ಟಿತು, ಯಾವ ವರ್ಷ, ಎಷ್ಟು ತೂಕ, ಯಾವ ಲೈನಿನಲ್ಲಿ ಓಡಿತು ಅಂತ ಬರೆಯುವುದು. ಇದೆಲ್ಲ ಬೇಕಾದದ್ದೇ. ಆದರೆ ಓದುವ ಹುಡುಗಿಗೆ ಅದರಿಂದ ತಿಳಿಯೋದೇನು? ತೂಕ ಗೊತ್ತಾದರೆ ಇಂಜಿನ್ ಗೊತ್ತಾಯಿತೇ?

ನಮ್ಮ ಓಣಿಯಲ್ಲಿ ಹಿರಿಯರೊಬ್ಬರಿದ್ದಾರೆ, ಬಾಯ್ಲರ್ ಕೆಲಸ ಮಾಡಿ ನಿವೃತ್ತರಾದವರು. ಮ್ಯೂಸಿಯಂಗೆ ಒಮ್ಮೆ ಬರ್ರಿ ಕಾಕಾ ಅಂದರೆ, ‘ಅಲ್ಲೇನ್ ನೋಡೂದೈತಿ ತಮ್ಮಾ, ತಣ್ಣಗಿನ ಇಂಜಿನ್ನ?’ ಅಂದರು. ಬಾಯ್ಲರ್ ಅಂದರೆ ಏನು ಕೆಲಸ ಅಂತ ಕೇಳಿದ್ದಕ್ಕೆ ಅರ್ಧ ತಾಸು ಮಾತಾಡಿದರು. ಬೆಂಕಿಗೂಡಿನ ಸುತ್ತ ನೂರಾರು ಬೋಲ್ಟುಗಳಿರುತ್ತವೆ, ಒಳಗಿನ ತಗಡನ್ನೂ ಹೊರಗಿನ ತಗಡನ್ನೂ ಹಿಡಿದು ನಿಲ್ಲಿಸುವವು. ಅದರಲ್ಲಿ ಯಾವುದು ಒಳಗೇ ಮುರಿದಿದೆ ಅಂತ ಕಣ್ಣಿಗೆ ಕಾಣೋದಿಲ್ಲ. ಸಣ್ಣ ಸುತ್ತಿಗೆಯಿಂದ ಒಂದೊಂದನ್ನೇ ಬಡಿದು ಕಿವಿಗೊಟ್ಟು ಕೇಳಬೇಕು. ‘ಚಲೋ ಇದ್ದದ್ದು ಠಣ್ ಅಂತೈತಿ. ಮುರಿದಿದ್ದು ಡಬ್ ಅಂತೈತಿ. ಈ ಠಣ್-ಡಬ್ ನಡುವಿಂದು ಒಂದು ಸಪ್ಪಳ ಐತಿ ನೋಡು, ಅದು ತಿಳೀಬೇಕಂದ್ರ ಹತ್ತು ವರ್ಷ ಬೇಕು’ ಅಂದರು.

ಈ ನಡುವಿನ ಸಪ್ಪಳವನ್ನು ಯಾವ ಗಾಜಿನ ಪೆಟ್ಟಿಗೆಯಲ್ಲಿ ಇಡೋಣ? ಆದರೆ ಇಡಲಿಕ್ಕೆ ಬರುತ್ತದೆ. ಅವರ ಮಾತು ರೆಕಾರ್ಡ್ ಮಾಡಬಹುದು. ಒಂದು ಚಲೋ ಬೋಲ್ಟು, ಒಂದು ಮುರಿದ ಬೋಲ್ಟು ತಗಡಿಗೆ ಹಾಕಿ, ಪಕ್ಕಕ್ಕೆ ಸರಪಳಿಯಲ್ಲಿ ಸುತ್ತಿಗೆ ಕಟ್ಟಿ, ‘ಬಡಿದು ನೋಡಿ, ಯಾವುದು ಮುರಿದಿದೆ ಹೇಳಿ’ ಅಂತ ಬರೆದರೆ ಸಾಕು. ಆಟದ ರೈಲಿಗಿಂತ ಹೆಚ್ಚಿನ ಸಾಲು ಅಲ್ಲಿ ನಿಲ್ಲುತ್ತದೆ ಅಂತ ನಾನು ಪಂಥ ಕಟ್ಟುತ್ತೇನೆ.

ಇನ್ನೊಂದು ಉದಾಹರಣೆ, ಟೋಕನ್. ಹಳೇ ರೈಲ್ವೆ ಸಾಮಾನಿನಲ್ಲಿ ಕೆಂಪು ಬಣ್ಣದ, ಕಂಬದಂತೆ ನಿಂತ ಟೋಕನ್ ಯಂತ್ರವನ್ನು ನೀವು ನೋಡಿರುತ್ತೀರಿ. ಪಕ್ಕದಲ್ಲಿ ಉಕ್ಕಿನ ಚೆಂಡು, ಬೆತ್ತದ ದೊಡ್ಡ ಬಳೆ. ನೋಡುವವರು ‘ಏನೋ ಹಳೇ ಟೆಲಿಫೋನು’ ಅಂತ ಮುಂದೆ ಹೋಗುತ್ತಾರೆ. ಅದರ ಕೆಲಸ ತಿಳಿದರೆ ಮೈ ಜುಂ ಅನ್ನುತ್ತದೆ. ಒಂದೇ ಹಳಿ, ಎದುರುಬದುರು ಬರುವ ಗಾಡಿಗಳು. ಎರಡು ಸ್ಟೇಷನ್ನುಗಳಲ್ಲಿ ಒಂದಕ್ಕೊಂದು ತಂತಿಯಿಂದ ಕಟ್ಟಿಹಾಕಿದ ಎರಡು ಯಂತ್ರ. ಆ ಕಡೆಯ ಮಾಸ್ತರ ಒಪ್ಪಿಗೆ ಕೊಟ್ಟರೆ ಮಾತ್ರ ಈ ಕಡೆ ಒಂದು ಚೆಂಡು ಹೊರಗೆ ಬೀಳುತ್ತದೆ. ಒಂದು ಹೊರಗಿದ್ದಾಗ ಎರಡೂ ಯಂತ್ರದಿಂದ ಇನ್ನೊಂದು ಬರೋದಿಲ್ಲ, ಏನು ಮಾಡಿದರೂ ಬರೋದಿಲ್ಲ. ಆ ಚೆಂಡು ಕೈಯಲ್ಲಿದ್ದ ಡ್ರೈವರಿಗೆ ಮಾತ್ರ ಆ ಹಳಿಯ ಮೇಲೆ ಹೋಗುವ ಹಕ್ಕು. ಚೆಂಡನ್ನು ಬೆತ್ತದ ಬಳೆಯ ಚೀಲದಲ್ಲಿ ಹಾಕಿ, ನಿಲ್ಲದೆ ಹೋಗುವ ಗಾಡಿಗೆ ಪ್ಲಾಟ್‌ಫಾರ್ಮಿನಿಂದ ಪೋರ್ಟರ್ ಎತ್ತಿ ಹಿಡಿಯುತ್ತಿದ್ದ. ಇಂಜಿನ್ನಿನಿಂದ ಬಾಗಿದವ ತೋಳು ತೂರಿಸಿ ಅದನ್ನು ಹಿಡಿಯುತ್ತಿದ್ದ. ರಾತ್ರಿ, ಮಳೆ, ಕೈಯಲ್ಲಿ ಕಂದೀಲು. ಸ್ವಲ್ಪ ಹೆಚ್ಚುಕಮ್ಮಿಯಾದರೆ ತೋಳೇ ಹೋಗಬಹುದು. ಸಾವಿರ ಮಂದಿ ಬೋಗಿಯಲ್ಲಿ ನಿದ್ದೆ ಮಾಡುತ್ತಿದ್ದದ್ದು ಆ ಚೆಂಡಿನ ಭರವಸೆಯ ಮೇಲೆ. ಇಷ್ಟು ಹೇಳಿದರೆ ಅದೇ ಕೆಂಪು ಯಂತ್ರದ ಮುಂದೆ ಮಂದಿ ಹತ್ತು ನಿಮಿಷ ನಿಲ್ಲುತ್ತಾರೆ. ಹೇಳದಿದ್ದರೆ ಅದು ಗುಜರಿ ಅಂಗಡಿಯ ಸಾಮಾನು, ಗುಜರಿಗಿಂತ ಸ್ವಲ್ಪ ಸ್ವಚ್ಛ ಅಷ್ಟೇ.

ಉಗಿ ಇಂಜಿನ್ನಿನ ಫೈರ್‌ಮನ್ ಕತೆಯೂ ಹಾಗೇ. ಕಲ್ಲಿದ್ದಲು ಎಸೆಯೋದು ಬರೀ ತೋಳ್ಬಲದ ಕೆಲಸ ಅಂತ ನಾವು ತಿಳಿದಿದ್ದೇವೆ. ಅಲ್ಲ. ಇಡೀ ಒಲೆಯ ಮೇಲೆ ತೆಳ್ಳಗೆ, ಸಮನಾಗಿ, ತೂತು ಬೀಳದಂತೆ ಹರಡಬೇಕು. ಹೊಗೆ ದಟ್ಟ ಕಪ್ಪಗೆ ಬಂತೆಂದರೆ ಇದ್ದಿಲು ದಂಡ ಆಯಿತು ಅಂತ ಅರ್ಥ. ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟ ನೋಡುತ್ತಿರಬೇಕು. ಅದು ಇಳಿದು ಬೆಂಕಿಗೂಡಿನ ತಲೆ ಒಣಗಿದರೆ ಪ್ರಾಣಕ್ಕೇ ಸಂಚಕಾರ. ಕ್ಯಾಸಲ್‌ರಾಕ್ ಘಟ್ಟದಲ್ಲಿ ಪ್ರತಿ 37 ಅಡಿಗೆ ಒಂದು ಅಡಿ ಏರು. ಹಿಂದಿನಿಂದ ನೂಕಲಿಕ್ಕೆ ಬೇರೆ ಇಂಜಿನ್ನು ಹಚ್ಚಿದರೂ ಸುರಂಗದೊಳಗೆ ಹೊಗೆ ನುಂಗಿಕೊಂಡು ಗಾಡಿ ಏರಿಸಿದವರು ಇವರು. ‘ವೈ’ ಅಂದರೆ ಮೀಟರ್ ಗೇಜು, ‘ಪಿ’ ಅಂದರೆ ಪ್ಯಾಸೆಂಜರು, ‘ಜಿ’ ಅಂದರೆ ಗೂಡ್ಸು. ವೈಪಿ, ವೈಜಿ ಅಂತ ಅವರು ಹೇಳುವಾಗ ಮನೆಯ ಎತ್ತಿನ ಹೆಸರು ಕರೆದಂತೆ ಕೇಳಿಸುತ್ತದೆ.

ಧಾರವಾಡದವನಾಗಿ ನನ್ನದೊಂದು ಖಾಸಾ ತಕರಾರು ಇದೆ. ಅವಳಿ ನಗರದ ಎಲ್ಲಕ್ಕಿಂತ ದೊಡ್ಡ ರೈಲ್ವೆ ಸ್ಮಾರಕ ಇರೋದು ಹುಬ್ಬಳ್ಳಿಯಲ್ಲಿ ಅಲ್ಲ, ಧಾರವಾಡದಲ್ಲಿ. ಅದರೊಳಗೆ ದಿನಾ ಪಾಠ ನಡೆಯುತ್ತದೆ. ಕರ್ನಾಟಕ ಕಾಲೇಜಿನ ಆ ಭವ್ಯ ಕಟ್ಟಡ ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿಯಾಗಿತ್ತು. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆ ಜೊತೆ ಕೂಡಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ಆಯಿತು, ಅಧಿಕಾರ ಮದ್ರಾಸಿಗೆ ಹೋಯಿತು. 1917ರಲ್ಲಿ ಹುಟ್ಟಿದ ಕಾಲೇಜಿಗೆ ಮುಂದೆ ಈ ಕಟ್ಟಡ ದಕ್ಕಿತು. ಗೋಕಾಕರು ಓದಿದ, ಗಿರೀಶ ಕಾರ್ನಾಡರು ಗಣಿತ ಕಲಿತ ಕಾಲೇಜು ಒಂದು ರೈಲ್ವೆ ಆಫೀಸಿನ ಕೋಣೆಗಳಲ್ಲಿ ಬೆಳೆಯಿತು. ರೈಲು ಬಿಟ್ಟುಹೋದ ಮನೆಯಲ್ಲಿ ಕನ್ನಡ ನಾಡಿನ ವಿದ್ಯೆ ಬಂದು ಕೂತಿತು ಅನ್ನಬಹುದು. ಕೆಸಿಡಿಯಲ್ಲಿ ಐದು ವರ್ಷ ಓದಿ ಹೊರಬಂದ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ. ಹುಬ್ಬಳ್ಳಿಯ ಮ್ಯೂಸಿಯಂ ನೋಡಿದವರನ್ನು ಧಾರವಾಡದ ಈ ಕಟ್ಟಡಕ್ಕೂ ಕರೆತರುವ ಒಂದು ಸಣ್ಣ ಪ್ರವಾಸ ಯಾಕಾಗಬಾರದು? 20 ಕಿಲೋಮೀಟರಿನ ದಾರಿ. ಊರು ಎರಡಾದರೂ ರೈಲಿನ ಕತೆ ಒಂದೇ.

ಅಧಿಕಾರ ಹೋಗೋದು, ಬರೋದು ಕೂಡ ಈ ಕತೆಯ ಭಾಗ. 1951ರಲ್ಲಿ ದಕ್ಷಿಣ ರೈಲ್ವೆ, 1966ರ ನಂತರ ಸಿಕಂದರಾಬಾದಿನ ಕೈಕೆಳಗೆ ದಕ್ಷಿಣ ಮಧ್ಯ ರೈಲ್ವೆ, ಕೊನೆಗೆ 2003ರ ಏಪ್ರಿಲ್ 1ಕ್ಕೆ ಹುಬ್ಬಳ್ಳಿಯಲ್ಲೇ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ. ಆ ಕಚೇರಿ ಇಲ್ಲಿಗೇ ಬೇಕು ಅಂತ ಊರು ಬೀದಿಗಿಳಿದು ಹೋರಾಡಿದ್ದು ನಮ್ಮ ಕಣ್ಣ ಮುಂದಿನ ಮಾತು. ಹೋರಾಟದ ಮಾತು ಬಂತು, 1974ರ ಮೇ ತಿಂಗಳ ರೈಲ್ವೆ ಮುಷ್ಕರವನ್ನು ಬಿಡಲಿಕ್ಕಾಗದು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂದಾಳತ್ವದಲ್ಲಿ ದೇಶದ ರೈಲು 20 ದಿನ ತತ್ತರಿಸಿತ್ತು. ಸಂಬಳ ನಿಂತ ಆ 20 ದಿನ ರೈಲ್ವೆ ಕ್ವಾರ್ಟರ್ಸಿನ ಮನೆಗಳಲ್ಲಿ ಒಲೆ ಹೇಗೆ ಉರಿಯಿತು, ಯಾರು ಕೆಲಸಕ್ಕೆ ಹೋದರು, ಯಾರು ಜೈಲಿಗೆ ಹೋದರು, ಅಕ್ಕಪಕ್ಕದ ಮನೆಯವರು ಮಾತು ಬಿಟ್ಟರೇ? ಸರ್ಕಾರಿ ಮ್ಯೂಸಿಯಂ ತನ್ನ ವಿರುದ್ಧ ನಡೆದ ಮುಷ್ಕರವನ್ನು ಗೋಡೆಗೆ ಹಾಕಿಕೊಳ್ಳುತ್ತದೆಯೇ ಅಂತ ನೀವು ನಗಬಹುದು. ಹಾಕಿಕೊಂಡರೆ ಅದರ ಮಾನ ಹೆಚ್ಚುತ್ತದೆ, ಕಡಿಮೆಯಾಗೋದಿಲ್ಲ.

ಹೀಗೆ ಮಾಡಿದ ಊರುಗಳಿವೆ. ಇಂಗ್ಲೆಂಡಿನ ಸ್ವಿಂಡನ್ ಕೂಡ ಹುಬ್ಬಳ್ಳಿಯಂತೆ ರೈಲ್ವೆ ಕಾರ್ಖಾನೆಯಿಂದ ಬೆಳೆದ ಊರು. 1986ರಲ್ಲಿ ಅಲ್ಲಿಯ ಕಾರ್ಖಾನೆ ಮುಚ್ಚಿತು. 2000ದಲ್ಲಿ ಅದೇ ಕಾರ್ಖಾನೆಯ ಹಳೇ ಕಟ್ಟಡದೊಳಗೆ ‘ಸ್ಟೀಮ್’ ಅನ್ನುವ ಮ್ಯೂಸಿಯಂ ಮಾಡಿದರು. ಅಲ್ಲಿ ಇಂಜಿನ್ನುಗಳೂ ಇವೆ, ಆದರೆ ನಡುಮನೆಯಲ್ಲಿ ಕೂತವರು ಕೆಲಸಗಾರರು. ಅಲ್ಲಿ ದುಡಿದವರ ಮಾತು, ಅವರ ಸಾಮಾನು, ಅವರ ಕೆಲಸದ ಮನೆಗಳು. ನಮಗೆ ಅವರಿಗಿಂತ ಒಂದು ಅನುಕೂಲ ಹೆಚ್ಚಿದೆ. ನಮ್ಮ ವರ್ಕ್‌ಶಾಪ್ ಮುಚ್ಚಿಲ್ಲ. ವರ್ಷಕ್ಕೆ ಎರಡು ದಿನ, ಸುರಕ್ಷತೆಯ ಏರ್ಪಾಟು ಮಾಡಿ, ಶಾಲೆಯ ಹುಡುಗರಿಗೆ ಅದರ ಬಾಗಿಲು ತೆರೆದರೆ ಯಾವ ಮ್ಯೂಸಿಯಂ ಕೂಡ ಅದಕ್ಕೆ ಸಾಟಿಯಾಗದು.

ಇದೆಲ್ಲ ಈಗಲೇ ಯಾಕೆ ಅಂದರೆ, ಟೈಮಿಲ್ಲ. 1975ರಲ್ಲಿ 20 ವರ್ಷದ ಹುಡುಗನಾಗಿ ಉಗಿ ಇಂಜಿನ್ನಿನ ಮೇಲೆ ಕಾಲಿಟ್ಟವನಿಗೆ ಇವತ್ತು 70. ಇಂಜಿನ್ನಿಗೆ ಬಣ್ಣ ಹೊಡೆದರೆ ಇನ್ನೂ ನೂರು ವರ್ಷ ನಿಲ್ಲುತ್ತದೆ, ಅದಕ್ಕೆ ಅವಸರವಿಲ್ಲ. ಮಂದಿ ನಿಲ್ಲೋದಿಲ್ಲ. ಒಂದೊಂದು ಶ್ರಾವಣ, ಒಂದೊಂದು ಚಳಿಗಾಲಕ್ಕೆ ರೈಲ್ವೆ ಪಿಂಚಣಿದಾರರ ಪಟ್ಟಿ ಸಣ್ಣದಾಗುತ್ತಾ ಹೋಗುತ್ತದೆ. ಒಂದು ಮೈಕು, ಇಬ್ಬರು ಹುಡುಗರು, ಆರು ತಿಂಗಳು, ಇಷ್ಟರಲ್ಲಿ ನೂರು ಮಂದಿಯ ಮಾತು ಹಿಡಿಯಬಹುದು. ಅವಳಿ ನಗರದಲ್ಲಿ ಕಾಲೇಜಿಗೆ ಕೊರತೆಯಿಲ್ಲ, ಇತಿಹಾಸ, ಪತ್ರಿಕೋದ್ಯಮ ಓದುವ ಹುಡುಗರಿಗೂ ಕೊರತೆಯಿಲ್ಲ. ಅವರ ಪ್ರಾಜೆಕ್ಟಿಗೆ ಇದಕ್ಕಿಂತ ಚಲೋ ವಿಷಯ ಯಾವುದಿದೆ? ಕೇಳುವಾಗ ಅವರವರ ಭಾಷೆಯಲ್ಲೇ ಮಾತಾಡಲು ಬಿಡಬೇಕು. ಹುಬ್ಬಳ್ಳಿ ಕನ್ನಡದಲ್ಲಿ, ತೆಲುಗಿನಲ್ಲಿ, ದಖ್ಖನಿ ಉರ್ದುವಿನಲ್ಲಿ. ಹೆಂಗಸರ ಮಾತು ಕೂಡ ಬೇಕು. ನೈಟ್ ಡ್ಯೂಟಿ ಮುಗಿಸಿ ಬಂದವನ ಮಸಿ ಬಟ್ಟೆ ತೊಳೆದವರು, ಹಗಲಲ್ಲಿ ಅವನು ಮಲಗಿದಾಗ ಮಕ್ಕಳ ಬಾಯಿ ಮುಚ್ಚಿಸಿದವರು ಅವರೇ.

ಇದು ಬರೀ ಉಗಿಯ ಮಾತಲ್ಲ. ಹುಬ್ಬಳ್ಳಿಯ ಡೀಸೆಲ್ ಶೆಡ್ಡು ಈ ದೇಶದ ಹೆಸರುವಾಸಿ ಶೆಡ್ಡುಗಳಲ್ಲಿ ಒಂದು. ಅಮೆರಿಕದ ಜನರಲ್ ಮೋಟಾರ್ಸ್ ವಿನ್ಯಾಸದ ಭಾರೀ ಇಂಜಿನ್ನುಗಳು ಭಾರತಕ್ಕೆ ಬಂದಾಗ ಅವುಗಳನ್ನು ಪಳಗಿಸಿದವರು ಇಲ್ಲಿಯ ಮೆಕ್ಯಾನಿಕ್ಕುಗಳು. ಈಗ ಲೈನಿನ ಮೇಲೆ ಕರೆಂಟು ತಂತಿ ಬಿದ್ದಿದೆ. 2023ರ ಜೂನ್ 27ಕ್ಕೆ ಧಾರವಾಡ-ಬೆಂಗಳೂರು ವಂದೇ ಭಾರತ್ ಓಡಲಿಕ್ಕೆ ಶುರುವಾಯಿತು. ನಾಳೆ ಡೀಸೆಲ್ ಕೂಡ ಹಳೇ ಸಾಮಾನಾಗುತ್ತದೆ, ಆಗ ಒಂದು ಇಂಜಿನ್ನನ್ನು ತಂದು ಹೂವಿನ ಕುಂಡಗಳ ನಡುವೆ ನಿಲ್ಲಿಸುತ್ತೇವೆ. ಉಗಿಯ ಕಾಲದವರನ್ನು ಕೇಳಲು ತಡವಾಗಿದೆ. ಡೀಸೆಲ್ ಕಾಲದವರು ಇನ್ನೂ ಡ್ಯೂಟಿಯಲ್ಲೇ ಇದ್ದಾರೆ. ಇವತ್ತೇ ಕೇಳಬಹುದು.

ಮ್ಯೂಸಿಯಂಗೆ ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಅವಶ್ಯ ಹೋಗಿ. ಹೋಗುವಾಗ ಓಣಿಯಲ್ಲಿ, ಬಳಗದಲ್ಲಿ ರೈಲ್ವೆಯಲ್ಲಿ ದುಡಿದ ಹಿರಿಯರು ಇದ್ದರೆ ಅವರನ್ನೂ ಕರಕೊಂಡು ಹೋಗಿ. ಫೋಟೋ ಆಮೇಲೆ ತೆಗೆಯಿರಿ. ಇಂಜಿನ್ನಿನ ಮುಂದೆ ಅವರನ್ನು ನಿಲ್ಲಿಸಿ, ಇದರ ಮೇಲೆ ಏನು ಕೆಲಸ ಮಾಡುತ್ತಿದ್ದಿರಿ, ಎಲ್ಲಿ ನಿಲ್ಲುತ್ತಿದ್ದಿರಿ, ಯಾವ ಕೈಯಲ್ಲಿ ಏನು ಹಿಡಿಯುತ್ತಿದ್ದಿರಿ ಅಂತ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ. ಮ್ಯೂಸಿಯಂನವರು ಒಂದು ದಿನ ಅದನ್ನು ಕೇಳಿ ಇಸಕೊಳ್ಳುವ ಹಾಗಾಗಲಿ. ಅಲ್ಲಿಯವರೆಗೆ ಅದು ನಿಮ್ಮ ಮನೆಯಲ್ಲಿ ಇರಲಿ.